ಸಾವಿರ ರೂಪಾಯಿಯ ಲಿನೋಕಟ್ ಕಿಟ್: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬದಲಿಸಬೇಕು

ಲಿನೋಲಿಯಂ ತುಂಡನ್ನು (ಲಿನೋ) ಕೊರೆದು, ಉಬ್ಬಿ ಉಳಿದ ಭಾಗಕ್ಕೆ ಇಂಕು ಹಚ್ಚಿ ಕಾಗದಕ್ಕೆ ಅಚ್ಚು ಹಾಕುವುದೇ ಲಿನೋಕಟ್. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಲಿನೋಕಟ್ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಒಂದು ಹಿಡಿ, ಅದಕ್ಕೆ ಸಿಕ್ಕಿಸುವ ಐದು ಬ್ಲೇಡು, ಪುಟ್ಟ ರೋಲರ್, ನೀರಿನ ಇಂಕಿನ ಟ್ಯೂಬ್, ಎ5 ಅಳತೆಯ ಎರಡು ಲಿನೋ ತುಂಡು. ಮಂಗಳೂರು, ಉಡುಪಿ ಕಡೆ ಹೊಸದಾಗಿ ಕಲಿಯುವವರು ಕೊಳ್ಳಬಹುದೇ? ಹಿಡಿ ಮತ್ತು ಲಿನೋಗಾಗಿ ಕೊಳ್ಳಬಹುದು. ಇಂಕು, ರೋಲರ್ ಮಾತ್ರ ಬೇರೆ ತರಲೇಬೇಕು. ಅದಕ್ಕೆ ದುಡ್ಡು ಎತ್ತಿಟ್ಟುಕೊಂಡೇ ಹೊರಡಿ.

ಲಿನೋ ಒಳ್ಳೆಯದೇ ಬರುತ್ತದೆ: ಬೂದು ಬಣ್ಣ, 3.2 ಮಿ.ಮೀ. ದಪ್ಪ, ಹಿಂಬದಿಗೆ ಗೋಣಿಯ ನೇಯ್ಗೆ. ಅಗಸೆ ಎಣ್ಣೆ, ಕಾರ್ಕ್ ಮತ್ತು ಮರದ ಹುಡಿ ಸೇರಿದ ವಸ್ತು ಇದು. ಎಣ್ಣೆ ಗಾಳಿಗೆ ಗಟ್ಟಿಯಾಗುತ್ತಲೇ ಹೋಗುವುದರಿಂದ ಹಳೆಯ ಲಿನೋ ಕೊರೆಯುವಾಗ ಹುಡಿಹುಡಿಯಾಗಿ ಉದುರುತ್ತದೆ. ಹತ್ತು ನಿಮಿಷ ಬಿಸಿಲಿಗೆ ಇಟ್ಟರೆ ಮೆದುವಾಗುತ್ತದೆ. ಮಳೆಗಾಲದಲ್ಲಿ ಮೇಲೊಂದು ಪೇಪರ್ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಆಡಿಸಿದರೂ ಸಾಕು. ಕೊರೆಯುವ ಮೊದಲು 400 ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ. ಮೇಲ್ಮೈಯ ಜಿಡ್ಡು ಹೋಗಿ ಇಂಕು ಸಮನಾಗಿ ಹಿಡಿಯುತ್ತದೆ.

ಐದು ಬ್ಲೇಡುಗಳಲ್ಲಿ ನಿಜವಾಗಿ ಬೇಕಾಗುವುದು ಮೂರು: ತುದಿ ಇಂಗ್ಲಿಷಿನ V, U ಆಕಾರದಲ್ಲಿರುವ ಸಣ್ಣ ವಿ, ಸಣ್ಣ ಯು, ಅಗಲದ ಯು. ಮೊದಲು ವಿ ಬ್ಲೇಡಿನಿಂದ ಗೆರೆಯ ಅಂಚು ಬಿಡಿಸಿ, ಆಮೇಲೆ ಯು ಬ್ಲೇಡಿನಿಂದ ಬಯಲು ತೆಗೆಯಿರಿ. ಆಳ ಒಂದು, ಒಂದೂವರೆ ಮಿ.ಮೀ. ಸಾಕು. ಗೋಣಿ ಕಂಡರೆ ಅತಿಯಾಯಿತೆಂದು ಅರ್ಥ. ಗೆರೆಯ ಗೋಡೆ ಹೊರಕ್ಕೆ ಇಳಿಜಾರಾಗಿರಲಿ. ಬುಡ ಕೊರೆದು ಟೊಳ್ಳು ಮಾಡಿದರೆ ನಾಲ್ಕನೆಯ ಅಚ್ಚಿಗೇ ಗೆರೆ ಮುರಿಯುತ್ತದೆ. ಲಿನೋ ಹಿಡಿದ ಕೈ ಯಾವಾಗಲೂ ಬ್ಲೇಡಿನ ಹಿಂದೆ ಇರಬೇಕು. ಗಾಯಗಳೆಲ್ಲ ಆಗುವುದು ಇಲ್ಲಿ ತಪ್ಪಿದಾಗಲೇ. ಬಡಗಿಯ ಹತ್ತಿರ ಒಂದು ಹಲಗೆಯ ಆಚೆ ಅಂಚಿಗೆ ಮೇಲ್ಬದಿಯಲ್ಲೊಂದು, ಈಚೆ ಅಂಚಿಗೆ ಅಡಿಬದಿಯಲ್ಲೊಂದು ಪಟ್ಟಿ ಹೊಡೆಸಿಕೊಂಡರೆ ಲಿನೋ ಜಾರುವುದಿಲ್ಲ. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇದನ್ನು ಕೊಡದಿರುವುದು ದೊಡ್ಡ ಕೊರತೆ.

ಕನ್ನಡ ಅಕ್ಷರ ಕೆತ್ತುವವರು ಬ್ಲೇಡನ್ನು ತಿರುಗಿಸಬಾರದು, ಲಿನೋವನ್ನು ತಿರುಗಿಸಬೇಕು. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ ವಿಧಾನದಲ್ಲಿ, ಬಂತು. ಕಲ್ಲಚ್ಚಿನಲ್ಲಿ ಬರೆದ ಕೈಯ ಬಾಗು ಹಾಗೇ ಉಳಿಯುತ್ತದೆ. ಆದರೆ ಲಿನೋದಲ್ಲಿ ‘ಠ’, ‘ಅ’ಗಳ ಪ್ರತಿ ಗುಂಡನ್ನೂ ಕೊರೆದೇ ಬಿಡಿಸಬೇಕು. ಅಕ್ಷರದ ಎತ್ತರ ಎರಡೂವರೆ ಸೆಂ.ಮೀ.ಗಿಂತ ಕಡಿಮೆಯಾದರೆ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಟ್ರೇಸಿಂಗ್ ಕಾಗದದಲ್ಲಿ 4ಬಿ ಪೆನ್ಸಿಲಿನಿಂದ ಬರೆದು, ಮಗುಚಿ, ಹಿಂಬದಿಯಿಂದ ಉಜ್ಜಿ. ಕನ್ನಡಿಬಿಂಬ ತಾನಾಗಿಯೇ ಲಿನೋ ಮೇಲೆ ಇಳಿಯುತ್ತದೆ.

ಇನ್ನು ಇಂಕು. ಕಿಟ್‌ನ ನೀರಿನ ಇಂಕು ಏಪ್ರಿಲ್‌ನ ಸೆಕೆಯಲ್ಲಿ, ಫ್ಯಾನಿನಡಿ, ಇಂಕು ಹರಡುವ ಗಾಜಿನ ಮೇಲೆಯೇ ಒಣಗಿ ಕಾಗದಕ್ಕೆ ಅಂಟುತ್ತದೆ. ಆಟಿ ತಿಂಗಳ ಮಳೆಯಲ್ಲಿ ತದ್ವಿರುದ್ಧ: ಕಾಗದವೇ ತೇವ ಹೀರಿ ಸುಕ್ಕಾಗುತ್ತದೆ, ಅಚ್ಚು ಮುಟ್ಟಿದರೆ ಕಲೆಯಾಗುತ್ತದೆ. ಎಣ್ಣೆ ಇಂಕೇ ಮೇಲು. ಆದರೆ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ. ಒದ್ದೆ ಹವೆಯಲ್ಲಿ ಅದಕ್ಕೆ ವಾರವೂ ಹಿಡಿದೀತು. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಎ5 ಲಿನೋಗೆ ಅರ್ಧ ಟೀ ಚಮಚ ಇಂಕು ಸಾಕು. ಗಾಜಿನ ಮೇಲೆ ರೋಲರ್ ಆಡಿಸುವಾಗ ಕಾವಲಿಗೆ ನೀರುದೋಸೆ ಹಿಟ್ಟು ಹೊಯ್ದಾಗಿನ ಹಾಗೆ ಸಣ್ಣ ಚುರ್‌ ಎಂಬ ಸದ್ದು ಬರಬೇಕು. ಪಚಪಚ ಎಂದರೆ ಇಂಕು ಹೆಚ್ಚಾಗಿದೆ, ಸಣ್ಣ ಗೆರೆಗಳು ತುಂಬಿಹೋಗುತ್ತವೆ. ಲಿನೋಗೆ ಮೂರು ನಾಲ್ಕು ತೆಳು ಪದರ ಹಚ್ಚಿ. ಮೊದಲ ಎರಡು ಅಚ್ಚು ಮಂಕಾಗಿ ಬಂದರೆ ಗಾಬರಿ ಬೇಡ, ಲಿನೋ ಇನ್ನೂ ಇಂಕು ಕುಡಿಯುತ್ತಿರುತ್ತದೆ. ಕಿಟ್‌ನ ಪ್ಲಾಸ್ಟಿಕ್ ರೋಲರ್ ಮಾತ್ರ ಈ ಕೆಲಸಕ್ಕೆ ಒದಗುವುದೇ ಇಲ್ಲ. ಅಂಚಿನಲ್ಲಿ ಪಟ್ಟೆ ಬಿಡುತ್ತದೆ. 10 ಸೆಂ.ಮೀ. ಅಗಲದ ಮೆದು ರಬ್ಬರ್ ರೋಲರ್ ತನ್ನಿ.

ಕಾಗದಕ್ಕೆ ಮಂಗಳೂರಿನ ಹಂಪನಕಟ್ಟೆ ಸುತ್ತಿನ ಸ್ಟೇಷನರಿ ಅಂಗಡಿಯ ಕಾರ್ಟ್ರಿಜ್ ಹಾಳೆಯೇ (ಚಿತ್ರ ಬರೆಯುವ ದಪ್ಪ ಕಾಗದ) ನಡೆಯುತ್ತದೆ. ನುಣುಪು ಬದಿಗೆ ಅಚ್ಚು ಹಾಕಿ. ಪ್ರೆಸ್ ಬೇಕಿಲ್ಲ. ಹಾಳೆಯ ಹಿಂಬದಿಯನ್ನು ಮರದ ಚಮಚದ ಬೆನ್ನಿನಿಂದ ಸುತ್ತುಸುತ್ತಾಗಿ ತಿಕ್ಕಿ, ಒಂದು ಮೂಲೆ ಎತ್ತಿ ನೋಡಿ, ಮಂಕಾದ ಕಡೆ ಮತ್ತೆ ತಿಕ್ಕಿ.

ಎಣ್ಣೆ ಇಂಕು ತೊಳೆಯಲು ಟರ್ಪೆಂಟೈನ್ ಖಂಡಿತ ಬೇಡ. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆ. ತೆಂಗಿನೆಣ್ಣೆ ಒಣಗುವ ಜಾತಿಯದ್ದಲ್ಲ, ಉಳಿದರೆ ಮುಂದಿನ ಇಂಕು ಹಿಡಿಯುವುದಿಲ್ಲ. ಲಿನೋವನ್ನು ನೀರಲ್ಲಿ ಮುಳುಗಿಸಬಾರದು, ಗೋಣಿ ಉಬ್ಬಿ ತುಂಡೇ ಬಾಗುತ್ತದೆ. ಜೂನ್‌ಗೆ ಮೊದಲೇ ಲಿನೋವನ್ನು ಸಿಲಿಕಾ ಜೆಲ್ ಜೊತೆ ಜಿಪ್ ಚೀಲಕ್ಕೆ ಹಾಕಿ, ಇಲ್ಲವಾದರೆ ಗೋಣಿಗೆ ಬೂಸ್ಟು ಬರುತ್ತದೆ. ಕಡಲ ಗಾಳಿಗೆ ಬ್ಲೇಡು ತುಕ್ಕು ಹಿಡಿಯಲು ಒಂದು ವಾರ ಸಾಕು. ಕೆಲಸ ಮುಗಿದೊಡನೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿಡಿ.