ನಮ್ಮ ಮನೆಯ ಮೂರು ಹೃದಯ ಕವಾಟಗಳು: ಯಾಂತ್ರಿಕ, ಟಿಶ್ಯೂ, ಟಾವಿ

ನನ್ನ ಎದೆಯೊಳಗೆ ಇಂಗಾಲದಂಥ ಗಟ್ಟಿ ವಸ್ತುವಿನಿಂದ ಮಾಡಿದ ಯಾಂತ್ರಿಕ ಕವಾಟ ಕೂತು ಒಂಬತ್ತು ವರ್ಷಗಳಾದವು. ಇಂದು ಮತ್ತೆ ಆರಿಸಿಕೊಳ್ಳಲು ಹೇಳಿದರೂ ನಾನು ಅದನ್ನೇ ಕೇಳುತ್ತೇನೆ. ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಬಾಯಲ್ಲಿರುವ, ಮೂರು ಎಸಳುಗಳಿರಬೇಕಾದ ಕವಾಟಕ್ಕೆ ಹುಟ್ಟಿನಿಂದಲೇ ಎರಡು ಎಸಳುಗಳಿರುವುದು ನೂರರಲ್ಲಿ ಒಬ್ಬಿಬ್ಬರಲ್ಲಿ ಕಾಣುವ ದೋಷ. ಒಂದೇ ಕುಟುಂಬದ ಹಲವರಲ್ಲಿ ಇರುವುದೂ ಉಂಟು. ನನಗೂ ಅಣ್ಣನಿಗೂ ಇದ್ದದ್ದು ಅದೇ. ಕವಾಟ ಸುಣ್ಣಗಟ್ಟಿ ಕಿರಿದಾದಾಗ ನನಗೆ 46 ವರ್ಷ, ಅಣ್ಣನಿಗೆ 66. ಅಮ್ಮನಿಗೆ ವಯಸ್ಸಿನ ಕಾರಣದಿಂದ 85ರಲ್ಲಿ ಅದೇ ತೊಂದರೆ ಬಂತು.

ಅಮ್ಮನಿಗೆ ಟಾವಿ ಮಾಡಿದರು. ಅಂದರೆ, ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟವನ್ನು ಒಯ್ದು ಕೂರಿಸಿದ ಮರುದಿನವೇ ಅವರು ಎದ್ದು ನಡೆದಾಡಿದರು. 2002ರಲ್ಲಿ ಫ್ರಾನ್ಸಿನ ಆಲೆನ್ ಕ್ರಿಬಿಯೆ ಈ ವಿಧಾನವನ್ನು ಮೊದಲು ಬಳಸಿದ್ದು ಶಸ್ತ್ರಚಿಕಿತ್ಸೆಯನ್ನು ತಾಳಲಾಗದ ರೋಗಿಗೆ. 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು, ಅಪಾಯ ಕಡಿಮೆ ಇರುವ ರೋಗಿಗಳಲ್ಲಿಯೂ ಟಾವಿ ಆರಂಭದ ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಗಿಂತ ಹಿಂದೆ ಬೀಳುವುದಿಲ್ಲವೆಂದು ತೋರಿಸಿದವು. ಆದರೆ ಅವುಗಳಲ್ಲಿದ್ದವರ ಸರಾಸರಿ ವಯಸ್ಸು ಎಪ್ಪತ್ತು ದಾಟಿತ್ತು, ಎರಡೆಸಳಿನ ಕವಾಟದವರನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಆ ಫಲಿತಾಂಶವನ್ನು ನನ್ನಂಥವನಿಗೆ ನೇರವಾಗಿ ಅನ್ವಯಿಸಲಾಗದು.

ಅಣ್ಣನದು ಹಸುವಿನ ಹೃದಯದ ಹೊರಪೊರೆಯಿಂದ ಮಾಡಿದ ಟಿಶ್ಯೂ ಕವಾಟ. ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ, ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆಯಬಹುದು. ವಯಸ್ಸು ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ.

ನನ್ನ ಕವಾಟದ ನಿಜವಾದ ಕಿರಿಕಿರಿಯೆಂದರೆ ವಾರ್ಫರಿನ್. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಇದನ್ನು ಜೀವನಪೂರ್ತಿ ನುಂಗಬೇಕು. ರಕ್ತಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆಯೆಂದು ತೋರಿಸುವ ಅಂಕಿ ಐಎನ್‌ಆರ್ 2ಕ್ಕಿಂತ ಇಳಿದರೆ ಹೆಪ್ಪಿನ ಭಯ, 3ನ್ನು ಮೀರಿದರೆ ರಕ್ತಸ್ರಾವದ ಭಯ. ಸೊಪ್ಪು ಹೆಚ್ಚು ತಿಂದ ವಾರ ಅಂಕಿ ಇಳಿಯುತ್ತದೆ, ಜ್ವರ ಬಂದು ಊಟ ಬಿಟ್ಟ ವಾರ ಏರುತ್ತದೆ. ಸೊಪ್ಪನ್ನು ಬಿಡಬೇಕಾಗಿಲ್ಲ, ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು ಎಂಬುದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಮೂರನೆಯ ವರ್ಷ ಹಲ್ಲಿನ ಸೋಂಕಿಗೆಂದು ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಅದು ವಾರ್ಫರಿನ್ನಿನ ಪ್ರಭಾವವನ್ನು ಹೆಚ್ಚಿಸುತ್ತದೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದನೆಯ ದಿನ ಮೂಗಿನಿಂದ ಸುರಿದ ರಕ್ತ ನಿಲ್ಲದೆ ತುರ್ತು ಚಿಕಿತ್ಸೆಗೆ ಓಡಬೇಕಾಯಿತು. ಐಎನ್‌ಆರ್ 6 ದಾಟಿತ್ತು. ಅಂದಿನಿಂದ ಯಾವ ಹೊಸ ಮಾತ್ರೆ ನುಂಗುವ ಮೊದಲೂ ಹೃದ್ರೋಗ ವೈದ್ಯರನ್ನು ಕೇಳುತ್ತೇನೆ. ಪದೇ ಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳಿಗೆ ಬದಲಾಗುವಂತೆಯೂ ಇಲ್ಲ. ಯಾಂತ್ರಿಕ ಕವಾಟದವರಲ್ಲಿ ಅಂಥದ್ದೊಂದಾದ ಡಬಿಗಟ್ರಾನ್ ಪರೀಕ್ಷಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಿದ್ದರಿಂದ ಆ ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು.

ಕವಾಟದ ಟಿಕ್ ಟಿಕ್ ಸದ್ದು ಎರಡು ತಿಂಗಳಲ್ಲಿ ರೂಢಿಯಾಯಿತು.

ಇಷ್ಟಾದರೂ ನನ್ನ ಒಲವು ಬದಲಾಗಿಲ್ಲ. ದಿನವೂ ಒಂದೇ ಹೊತ್ತಿಗೆ ಮಾತ್ರೆ ನುಂಗುವುದು ನನಗೆ ಕಷ್ಟವಲ್ಲ, ಟಿಶ್ಯೂ ಕವಾಟ ಹಾಕಿಸಿಕೊಂಡು ಅದು ಸವೆದಾಗ ಅರವತ್ತರ ಆಸುಪಾಸಿನಲ್ಲಿ ಮತ್ತೊಮ್ಮೆ ಎದೆ ತೆರೆಸಿಕೊಳ್ಳುವ ಧೈರ್ಯವೂ ಹಣವೂ ನನ್ನಲ್ಲಿಲ್ಲ. ಅಣ್ಣನಿಗೋ ಮಾತ್ರೆಯ ನೆನಪೇ ಇರುವುದಿಲ್ಲ. ಅವನ ಕೈಗೆ ವಾರ್ಫರಿನ್ ಕೊಡಲು ನಾನಂತೂ ಒಪ್ಪುತ್ತಿರಲಿಲ್ಲ.