‘ಐವತ್ತು ದಾಟಿದವರಿಗೆ ಬೇರೆ ಬ್ಯಾಚ್’ ಅಂತ ಟ್ರ್ಯಾಕ್ ಸ್ಕೂಲ್‌ನವರು ಹೇಳಿದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ವಯಸ್ಸಾದ ಮೇಲೂ ಬೈಕ್ ಬಿಡದೆ, ಒಂದು ಸಲ ರೇಸ್ ಟ್ರ್ಯಾಕ್‌ನಲ್ಲಿ ಸರಿಯಾಗಿ ಕಲಿಯೋಣ ಅಂದುಕೊಂಡಿರುವವರು ದಯವಿಟ್ಟು ಓದಿ. ಇನ್ನೂ ಸಿಟ್ಟು ಇಳಿದಿಲ್ಲ, ಹಾಗಾಗಿ ಹಿಂದುಮುಂದಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ನನಗೆ 58. ಮೈಸೂರಿನವನು. ಯೆಜ್ಡಿ ನಮ್ಮೂರಲ್ಲೇ ತಯಾರಾಗುತ್ತಿದ್ದ ಕಾಲದಿಂದ ಬೈಕ್ ಓಡಿಸುತ್ತಿದ್ದೇನೆ. ಈಗ ಇರುವುದು ಕೆಟಿಎಂ 390 ಡ್ಯೂಕ್. ರೇಸ್ ಮಾಡುವ ಆಸೆ ನನಗಿಲ್ಲ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟ್‌ನಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಮೊದಲಿನ ಧೈರ್ಯ ಬರುತ್ತಿರಲಿಲ್ಲ. ತಿರುವಿನಲ್ಲಿ ಕಣ್ಣು ಎಲ್ಲಿಡಬೇಕು, ಬ್ರೇಕ್ ಯಾವಾಗ ಬಿಡಬೇಕು, ಇದನ್ನೆಲ್ಲ ನಮ್ಮ ಕಾಲದಲ್ಲಿ ಯಾರು ಕಲಿಸಿದರು? ವಯಸ್ಸಾದಂತೆ ಕೈಕಾಲು ಸ್ವಲ್ಪ ನಿಧಾನ ಆಗುತ್ತೆ. ಆಗ ದೂರ ನೋಡಿ ಮೊದಲೇ ತಯಾರಾಗುವುದನ್ನು ಕಲಿಯಲೇಬೇಕು. ಎದುರಿಂದ ಲಾರಿ ಬರದ, ರಸ್ತೆ ಮೇಲೆ ಮರಳಿಲ್ಲದ ಜಾಗ ಟ್ರ್ಯಾಕ್ ಮಾತ್ರ.

ಹಾಗಾಗಿ ಟ್ರ್ಯಾಕ್ ಬಾಡಿಗೆಗೆ ಹಿಡಿದು ಕ್ಲಾಸ್ ನಡೆಸುವ ಒಂದು ತಂಡಕ್ಕೆ ಫೋನ್ ಮಾಡಿದೆ. ವಯಸ್ಸು ಮೊದಲೇ ಹೇಳಿದೆ. ಆ ಹುಡುಗ ಬೆಂಗಳೂರಿನವನು, ಎಷ್ಟು ಚೆನ್ನಾಗಿ ಮಾತಾಡಿದ! “ಐವತ್ತು ದಾಟಿದವರಿಗೆ ಬೇರೆ ಬ್ಯಾಚ್ ಇದೆ ಸರ್. ನಾಲ್ಕು ಜನಕ್ಕೆ ಒಬ್ಬ ಇನ್‌ಸ್ಟ್ರಕ್ಟರ್. ಲೆದರ್ ಸೂಟ್ ಎಲ್ಲಾ ಸೈಜ್‌ನಲ್ಲೂ ಬಾಡಿಗೆಗೆ ಸಿಗುತ್ತೆ.” ಡಾಕ್ಟರ್ ಸರ್ಟಿಫಿಕೇಟ್ ಏನಾದರೂ ಬೇಕಾ ಅಂತ ನಾನೇ ಕೇಳಿದೆ. ನಾನೇ ಕೇಳಿದೆ, ಇದನ್ನು ನೆನಪಿಡಿ. “ಏನೂ ಬೇಡ ಸರ್, ಸುಮ್ನೆ ಬನ್ನಿ.” ಫೀಸ್ 24,000 ರೂಪಾಯಿ, ಸೂಟ್ ಬಾಡಿಗೆ ಬೇರೆ. ಅವತ್ತೇ ಕಳಿಸಿದೆ.

ಟ್ರ್ಯಾಕ್ ಇರುವುದು ಚೆನ್ನೈ ಹತ್ತಿರ, ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೋಟ್ಟೈಯಲ್ಲಿ. ಸುಮಾರು 3.7 ಕಿಲೋಮೀಟರ್ ಉದ್ದ, 12 ತಿರುವು. ಟ್ರ್ಯಾಕ್ ಬಗ್ಗೆ ನನ್ನ ದೂರೇನೂ ಇಲ್ಲ. ಆ ಟಾರ್ ಮೇಲೆ ಬೈಕ್ ಬಗ್ಗಿಸಿದಾಗ ಆದ ಖುಷಿಯೇ ಬೇರೆ. ದೂರು ಇರುವುದು ಕ್ಲಾಸ್ ನಡೆಸಿದವರ ಮೇಲೆ.

ಬೆಳಗ್ಗೆ ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಹಚ್ಚಿ ಸಾಲಲ್ಲಿ ನಿಂತಾಗ ಕೈಗೆ ಒಂದು ಬಾಂಡ್, ಅಂದರೆ ಷರತ್ತುಗಳಿಗೆ ಒಪ್ಪಿ ಸೈನ್ ಹಾಕುವ ಪತ್ರ, ಕೊಟ್ಟರು. ಅಲ್ಲಿವರೆಗೆ ಅದನ್ನು ತೋರಿಸಿಯೇ ಇರಲಿಲ್ಲ. ಅದರಲ್ಲಿ ಸಣ್ಣ ಅಕ್ಷರದಲ್ಲಿತ್ತು: ಐವತ್ತು ದಾಟಿದವರು ಇಸಿಜಿ ಮತ್ತು ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಹಣ ವಾಪಸ್ ಇಲ್ಲ. ತಕ್ಷಣ ತೋರಿಸಿ ಕೇಳಿದೆ. “ಅದು ಬರೀ ಫಾರ್ಮಾಲಿಟಿ ಸರ್, ಸೈನ್ ಹಾಕಿ, ಬ್ರೀಫಿಂಗ್ ಶುರುವಾಯ್ತು” ಅಂತ ಪೆನ್ನು ಹಿಡಿದು ನಿಂತ. ಫೋನ್‌ನಲ್ಲಿ ಮಾತಾಡಿದ್ದ ಅದೇ ಹುಡುಗ.

ಬೇರೆ ಬ್ಯಾಚ್ ಇರಲೇ ಇಲ್ಲ. “ಈ ಸಲ ನಿಮ್ಮ ವಯಸ್ಸಿನವರು ಜಾಸ್ತಿ ಬರಲಿಲ್ಲ ಸರ್.” ಹೊಸಬರ ಗುಂಪಿಗೆ ಹಾಕಿದರು. ಅದರಲ್ಲಿ 1000 ಸಿಸಿ ಬೈಕ್ ತಂದ ಹುಡುಗರೂ ಇದ್ದರು. ಸೂಟ್ ನನ್ನ ಸೈಜ್‌ನದ್ದು ಇಲ್ಲ, ಭುಜ ಅಲ್ಲಾಡಿಸಲು ಆಗುತ್ತಿರಲಿಲ್ಲ. ಇನ್‌ಸ್ಟ್ರಕ್ಟರ್ ಒಂದು ಲ್ಯಾಪ್ ಮುಂದೆ ಹೋಗಿ ದಾರಿ ತೋರಿಸಿದ, ಆಮೇಲೆ ಫಾಸ್ಟ್ ಗುಂಪಿನ ಕಡೆ ಹೋದವನು ತಿರುಗಿ ನೋಡಲಿಲ್ಲ. ಹೊಸಬರ ಗುಂಪಿನಲ್ಲಿ ತಿರುವಿನ ಒಳಗಿನಿಂದ ಓವರ್‌ಟೇಕ್ ಮಾಡಬಾರದು ಅಂತ ಬ್ರೀಫಿಂಗ್‌ನಲ್ಲಿ ಅವರೇ ಹೇಳಿದ್ದು. ಎರಡನೇ ಸೆಷನ್‌ನಲ್ಲಿ ಒಬ್ಬ ನನ್ನ ಮೊಣಕೈ ಸವರಿಕೊಂಡೇ ಒಳಗೆ ನುಗ್ಗಿದ. ಎಚ್ಚರಿಸಲು ತೋರಿಸುವ ಬಾವುಟ ಒಂದೂ ಅಲ್ಲಾಡಲಿಲ್ಲ.

ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ, ಬಂದು ಹೇಳಿದೆ. ಜಗಳ ಮಾಡಲಿಲ್ಲ, ಹೇಳಿದೆ ಅಷ್ಟೇ. ಸ್ವಲ್ಪ ಹೊತ್ತಿಗೆ ಅದೇ ಹುಡುಗ ಬಾಂಡ್ ಹಿಡಿದುಕೊಂಡು ಬಂದ. “ಅಂಕಲ್, ನಿಮ್ಮ ಇಸಿಜಿ ಇಲ್ಲವಲ್ಲ. ಊಟ ಆದಮೇಲೆ ಬಿಡೋಕೆ ಆಗಲ್ಲ. ಸೇಫ್ಟಿ ಅಂಕಲ್.”

ಬೆಳಗ್ಗೆ ಫಾರ್ಮಾಲಿಟಿ. ದೂರು ಹೇಳಿದ ಮೇಲೆ ಸೇಫ್ಟಿ.

ಎಲ್ಲರೆದುರು ಹೇಳಿದ. ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು. ಮೈಮೇಲೆ ಆ ಬಿಗಿ ಸೂಟ್, ಬೆವರು ಸುರಿಯುತ್ತಿದೆ, ಉತ್ತರ ಹೊರಡಲಿಲ್ಲ. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಮಧ್ಯಾಹ್ನ ನಮ್ಮ ಗುಂಪು ಹೊರಟಾಗ ಬೆಳಗ್ಗೆ ಇಲ್ಲದ ಒಬ್ಬ ಅದರಲ್ಲಿದ್ದ. ಆಮೇಲೆ ಮಾತಾಡಿಸಿದೆ. ಪಾಪ, ಅವನಿಗೇನೂ ಗೊತ್ತಿಲ್ಲ. “ಈಗಷ್ಟೇ ಒಂದು ಸ್ಲಾಟ್ ಖಾಲಿ ಆಯ್ತು ಅಂತ ಫೋನ್ ಮಾಡಿದ್ರು, ಇಲ್ಲೇ ದುಡ್ಡು ಕಟ್ಟಿದೆ” ಅಂದ. ಖಾಲಿ ಆದ ಸ್ಲಾಟ್ ಯಾರದ್ದು? ನನ್ನದು. ಒಂದೇ ಜಾಗವನ್ನು ಎರಡು ಸಲ ಮಾರಿದರು! ನೆರಳಲ್ಲಿ ಕುರ್ಚಿ ಹಾಕಿ, ಕೈಗೆ ಮಜ್ಜಿಗೆ ಕೊಟ್ಟು, ನನ್ನನ್ನು ಕೂರಿಸಿ ಮಾರಿದರು.

ಇಸಿಜಿ ಕೇಳುವುದು ತಪ್ಪಲ್ಲ. ಚೆನ್ನೈ ಸೆಕೆಯಲ್ಲಿ ಲೆದರ್ ಸೂಟ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದರೆ ಗಟ್ಟಿ ಆಳೂ ಸುಸ್ತಾಗುತ್ತಾನೆ. ಕೇಳಲೇಬೇಕು. ಆದರೆ ದುಡ್ಡು ತೆಗೆದುಕೊಳ್ಳುವಾಗ ಕೇಳಿ. ಮೈಸೂರಲ್ಲಿ ಅರ್ಧ ದಿನದ ಕೆಲಸ ಅದು.

ವಾಪಸ್ ಬಂದು ಅರ್ಧ ಹಣವಾದರೂ ಕೊಡಿ ಅಂತ ಮೆಸೇಜ್ ಮಾಡಿದೆ. ಉತ್ತರಗಳನ್ನು ಹಾಗೇ ಹಾಕುತ್ತಿದ್ದೇನೆ. “ಬಾಂಡ್‌ಗೆ ನೀವೇ ಸೈನ್ ಹಾಕಿದ್ದೀರಿ.” ಫೋನ್‌ನಲ್ಲಿ ನೀವೇ ಬೇಡ ಅಂದಿದ್ದಿರಿ ಅಂದೆ. “ಹಾಗೆ ಯಾರೂ ಹೇಳಿರಲ್ಲ.” ಸ್ಲಾಟ್ ಬೇರೆಯವರಿಗೆ ಮಾರಿದ್ದು ಯಾಕೆ ಅಂದೆ. ಅದಕ್ಕೆ ಉತ್ತರವೇ ಇಲ್ಲ. ಮಾರನೇ ದಿನ: “ನಿಮ್ಮ ಮಕ್ಕಳಿದ್ದರೂ ಇದನ್ನೇ ಮಾಡ್ತಿದ್ರು ಅಂಕಲ್. ಮುಂದಿನ ಸಲ ಬಂದ್ರೆ 10% ಕಡಿಮೆ ಮಾಡ್ತೀವಿ.” ಇದನ್ನು ಓದಿ ಕೈ ನಡುಗಿತು. ನನ್ನ ಮಕ್ಕಳ ಹೆಸರಲ್ಲಿ ಬುದ್ಧಿ ಹೇಳಲು ಇವರು ಯಾರು?

ಬಾಂಡ್ ಮೊದಲೇ ವಾಟ್ಸಾಪ್‌ಗೆ ತರಿಸಿಕೊಳ್ಳಿ, ಕಳಿಸದಿದ್ದರೆ ಒಂದು ಪೈಸೆ ಕೊಡಬೇಡಿ. ‘ಬೇರೆ ಬ್ಯಾಚ್’ ಅಂದರೆ ಅದರಲ್ಲಿ ಈಗ ಎಷ್ಟು ಜನ ಸೇರಿದ್ದಾರೆ ಕೇಳಿ. ಫೋನ್‌ನಲ್ಲಿ ಏನೇ ಹೇಳಿದರೂ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಇನ್ನೊಂದು ವಿಷಯ ಅವರು ಯಾರಿಗೂ ಹೇಳಲಿಲ್ಲ: ನಮ್ಮ ಮಾಮೂಲಿ ಬೈಕ್ ಇನ್ಶೂರೆನ್ಸ್‌ನಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದರೆ ಅನ್ವಯಿಸುವುದಿಲ್ಲ ಅಂತ ಇರುತ್ತೆ. ಟ್ರ್ಯಾಕ್‌ನಲ್ಲಿ ಬಿದ್ದು ಕ್ಲೇಮ್ ಕೇಳಿದರೆ ಅದನ್ನೇ ತೋರಿಸಬಹುದು. ನಿಮ್ಮ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಅಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಚೆನ್ನೈಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಿಮಗೂ ಯಾರಾದರೂ ‘ಬೇರೆ ಬ್ಯಾಚ್’ ಅಂತ ಹೇಳಿ ಹೀಗೇ ಮಾಡಿದ್ದರೆ, ಆ ಮೆಸೇಜ್‌ಗಳನ್ನು ಅಳಿಸಬೇಡಿ.