ಅಮ್ಮನ ಎಚ್‌ಆರ್‌ಡಿ ಟೆಸ್ಟ್: ಐದಕ್ಕೆ ಮೂರೂವರೆ ಸ್ಟಾರ್

ಅಂಡಾಶಯದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಡಾಕ್ಟರ್ ಅಮ್ಮನಿಗೆ ಎಚ್‌ಆರ್‌ಡಿ ಟೆಸ್ಟ್ (ಗಡ್ಡೆಯ ಜೀವಕೋಶಗಳಲ್ಲಿ ಡಿಎನ್‌ಎ ರಿಪೇರಿ ಕೆಟ್ಟಿದೆಯಾ ಅಂತ ನೋಡೋದು) ಬರೆದುಕೊಟ್ಟರು. ಬೆಂಗಳೂರಿನ ಒಂದು ಖಾಸಗಿ ಲ್ಯಾಬ್‌ನಲ್ಲಿ ಮಾಡಿಸಿದೆವು. ಹೆಸರು ಬೇಡ, ಎಲ್ಲಿ ಮಾಡಿಸಿದರೂ ನಿಮಗೆ ಹೆಚ್ಚುಕಮ್ಮಿ ಇದೇ ಕಥೆ ಇರಬಹುದು.

ಮೊದಲು ಬೈಗುಳ. "ಸ್ಯಾಂಪಲ್ ನಾವೇ ಬಂದು ತಗೋತೀವಿ ಮೇಡಂ" ಅಂದಿದ್ದರು. ತಗೊಂಡಿದ್ದು ರಕ್ತ ಮಾತ್ರ. ಈ ಟೆಸ್ಟ್‌ಗೆ ಮುಖ್ಯವಾಗಿ ಬೇಕಾಗಿದ್ದು ಗಡ್ಡೆಯ ಬ್ಲಾಕ್. ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿಗೆ ನಂಬರ್ ಬರೆದು ಆಸ್ಪತ್ರೆಯ ಪೆಥಾಲಜಿಯವರು ಇಟ್ಟಿರುತ್ತಾರೆ. ಅರ್ಜಿ, ಡಾಕ್ಟರ ಚೀಟಿ, ಸಹಿ ಅಂತ ಓಡಾಡಿ ಅದನ್ನು ಬಿಡಿಸಿಕೊಂಡು ಬರೋದು ನಮ್ಮ ತಲೆಗೇ ಬಂತು. ಕಳಿಸಿದ ಮೇಲೆ ಫೋನ್: "ಇದರಲ್ಲಿ ಟ್ಯೂಮರ್ ಸಾಲದು, ಬೇರೆ ಬ್ಲಾಕ್ ಕಳ್ಸಿ." ಮತ್ತೆ ಅದೇ ಕಿಟಕಿ, ಅದೇ ಕ್ಯೂ. ಟ್ಯೂಮರ್ ಜಾಸ್ತಿ ಇರೋ ಬ್ಲಾಕ್ ಆರಿಸಿಕೊಡಿ ಅಂತ ಪೆಥಾಲಜಿಯಲ್ಲಿ ಕೇಳಿ ಅಂತ ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಆಪರೇಷನ್‌ಗೆ ಮುಂಚೆ ಕೀಮೋ ಆಗಿದ್ದರಂತೂ ಗಡ್ಡೆಯಲ್ಲಿ ಜೀವಕೋಶ ಕಮ್ಮಿ ಉಳಿದಿರುತ್ತವೆ. ಅಂಥವರು ಮೊದಲ ಬಯಾಪ್ಸಿಯ ಬ್ಲಾಕ್ ಬಗ್ಗೆ ವಿಚಾರಿಸಿ.

ರಿಪೋರ್ಟ್ ಪೂರ್ತಿ ಇಂಗ್ಲಿಷ್. ದಪ್ಪ ಅಕ್ಷರದಲ್ಲಿ ಸ್ಕೋರ್ 58, ಕೆಳಗೆ 'ಪಾಸಿಟಿವ್'. ಅದನ್ನು ನೋಡಿಯೇ ಅಪ್ಪ ಮಂಕಾದರು.

ಸ್ಟಾರ್ ಎಲ್ಲಾ ಗಳಿಸಿದ್ದು ಜೆನೆಟಿಕ್ ಕೌನ್ಸೆಲರ್. ರಿಪೋರ್ಟ್ ಪಕ್ಕಕ್ಕಿಟ್ಟು, ಖಾಲಿ ಹಾಳೆಯಲ್ಲಿ 17ನೇ ಕ್ರೋಮೋಸೋಮ್ ಅಂತ ಎರಡು ಗೆರೆ ಎಳೆದರು. ಬಿಆರ್‌ಸಿಎ 1 ಜೀನ್ ಇರೋದು ಅದರಲ್ಲಿ. ಬಿಆರ್‌ಸಿಎ 2 ಇರೋದು 13ರಲ್ಲಿ. ಡಿಎನ್‌ಎ ತುಂಡಾದಾಗ ಸರಿಯಾಗಿ ಜೋಡಿಸಲು ಇವು ಬೇಕು. ಕೆಟ್ಟರೆ, ಅವಸರದ ಟೈಲರ್ ಥರ, ಜೀವಕೋಶ ಸಿಕ್ಕಿದ ತುದಿಗೆ ಸಿಕ್ಕಿದ ತುದಿ ಸೇರಿಸಿ ಟಾಕು ಹಾಕುತ್ತೆ. ಹಾಗಾಗಿ ಕ್ರೋಮೋಸೋಮ್‌ಗಳಲ್ಲಿ ಎಲ್ಲೋ ಚೂರು ಕಾಣೆ, ಎಲ್ಲೋ ತುದಿ ಏರುಪೇರು, ಎಲ್ಲೋ ದೊಡ್ಡ ಬಿರುಕು. ಈ ಮೂರು ಬಗೆಯ ಗಾಯಗಳನ್ನು ಎಣಿಸಿ ಕೂಡಿದ್ದೇ ಆ ಸ್ಕೋರ್. ನಮ್ಮ ಟೆಸ್ಟ್‌ನಲ್ಲಿ 42 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಸಿಟಿವ್. ಅಂದರೆ ಒಲಾಪರಿಬ್ ಥರದ, ಪಾರ್ಪ್ ಅನ್ನೋ ರಿಪೇರಿ ಕಿಣ್ವವನ್ನು ತಡೆಯುವ ಮಾತ್ರೆಗಳು ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ರಿಪೇರಿಯ ಒಂದು ದಾರಿ ಆಗಲೇ ಕೆಟ್ಟಿದೆ, ಮಾತ್ರೆ ಇನ್ನೊಂದನ್ನು ಕಟ್ಟಿಹಾಕುತ್ತೆ, ಆಗ ಕ್ಯಾನ್ಸರ್ ಜೀವಕೋಶ ಸಾಯುತ್ತೆ.

ಅಮ್ಮ ಕೇಳಿದ್ದು ಒಂದೇ. "ಹಂಗಾದ್ರೆ ನನ್ನ ಹೆಣ್ಮಕ್ಕಳಿಗೂ ಬಂದಿದೆಯೇನಮ್ಮ?"

ಗಡ್ಡೆಯಲ್ಲಿ ಬಿಆರ್‌ಸಿಎ 1 ದೋಷ ಸಿಕ್ಕಿತ್ತು, ರಕ್ತದಲ್ಲಿ ಇರಲಿಲ್ಲ. ರಕ್ತದಲ್ಲೂ ಇದ್ದಿದ್ದರೆ ನನಗೂ ತಂಗಿಗೂ ತಲಾ ಶೇ. 50 ಸಾಧ್ಯತೆ. ಇದು ಗಡ್ಡೆಯೊಳಗೇ ಹುಟ್ಟಿದ್ದು, ಮಕ್ಕಳಿಗೆ ದಾಟುವಂಥದ್ದಲ್ಲ. ಇಷ್ಟನ್ನು ಅವರು ಅಮ್ಮನ ಮುಖ ನೋಡಿಕೊಂಡೇ ಹೇಳಿದರು, ನನ್ನ ಮುಖ ಅಲ್ಲ. ರೋಗಿ ಕೋಣೆಯಲ್ಲೇ ಇಲ್ಲವೇನೋ ಅನ್ನೋ ಹಾಗೆ ಮಾತಾಡುವವರನ್ನು ಸಾಕಷ್ಟು ನೋಡಿದ್ದೇವೆ.

ಬೆಲೆ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ದುಡ್ಡು ಕಟ್ಟುವ ಮುಂಚೆ ಎರಡು ವಿಷಯ ಕೇಳಿ: ಕೌನ್ಸೆಲಿಂಗ್ ಅದೇ ದುಡ್ಡಲ್ಲಿ ಸೇರಿದೆಯಾ, ಕನ್ನಡದಲ್ಲಿ ಸಿಗುತ್ತಾ?

ಅಮ್ಮ ಈಗ ಬೆಳಿಗ್ಗೆ, ರಾತ್ರಿ ಮಾತ್ರೆ ತಗೋತಾರೆ. ಹಿಮೋಗ್ಲೋಬಿನ್ ಇಳಿಯಬಹುದು ಅಂತ ಆಗಾಗ ರಕ್ತ ಪರೀಕ್ಷೆ ಇದೆ. ಉಳಿದ ಬ್ಲಾಕ್ ಲ್ಯಾಬ್‌ನಿಂದ ಇನ್ನೂ ವಾಪಸ್ ಬಂದಿಲ್ಲ. ಕೊರಿಯರ್ ಆಗಿದೆ ಅಂತಾರೆ. ಬಂದರೆ ನಾಲ್ಕು ಸ್ಟಾರ್ ಮಾಡುತ್ತೇನೆ.